ಆಂಪ್ಲಿಫೈಯರ್ ಬೆನ್ನಿನ ಮೇಲಿನ ಅಂಕಿಗಳು

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ತೋಟದ ಮನೆಗಳ ಅಟ್ಟದಲ್ಲಿ, ಪೇಟೆಯ ಮೈಕ್ ಸೆಟ್ ಅಂಗಡಿಗಳ ಹಿಂದಿನ ಕೋಣೆಯಲ್ಲಿ, ಚರ್ಚಿನ ಗಾಯನ ವೃಂದದ ಕಪಾಟಿನಲ್ಲಿ ಹಳೆಯ ವಾಲ್ವ್ ಆಂಪ್ಲಿಫೈಯರ್ ಇಂದಿಗೂ ಕಣ್ಣಿಗೆ ಬೀಳುವುದುಂಟು. ಗಣಪತಿ ಉತ್ಸವದ ರಸಮಂಜರಿ, ಕ್ರಿಸ್‌ಮಸ್ ರಾತ್ರಿಯ ಗಿಟಾರ್, ಜಾತ್ರೆಯ ಪ್ರಕಟಣೆ ಎಲ್ಲಕ್ಕೂ ಒಂದು ಕಾಲದಲ್ಲಿ ದನಿ ಕೊಟ್ಟ ಪೆಟ್ಟಿಗೆ ಅದು. ಈಗ ಅದನ್ನು ಕೆಳಗಿಳಿಸುವುದು ಎರಡೇ ಕಾರಣಕ್ಕೆ: ತಾಮ್ರದ ಆಸೆಗೆ ಗುಜರಿಗೆ ಹಾಕಲು, ಇಲ್ಲವೇ ‘ನೋಡೋಣ, ಇನ್ನೂ ಹಾಡುತ್ತದೆಯೋ’ ಎಂದು ಪ್ಲಗ್ ಚುಚ್ಚಲು. ಎರಡನೆಯ ಆಸೆ ಮೊದಲನೆಯದಕ್ಕಿಂತ ಒಳ್ಳೆಯದು. ಆದರೆ ಹೆಚ್ಚು ಪೆಟ್ಟಿಗೆಗಳು ಸುಡುವುದು ಆ ಕ್ಷಣದಲ್ಲೇ.

ಸ್ವಿಚ್ ಹಾಕುವ ಮುನ್ನ ಪೆಟ್ಟಿಗೆಯನ್ನು ತಿರುಗಿಸಿ ನೋಡಬೇಕು. ಅದರ ಬೆನ್ನಿಗೆ ಒಂದು ಸಣ್ಣ ತಗಡು ಬಡಿದಿರುತ್ತದೆ. ಇಂತಿಷ್ಟು ವೋಲ್ಟ್, ಇಂತಿಷ್ಟು ಸೈಕಲ್, ಇಂತಿಷ್ಟು ವಾಟ್, ಫ್ಯೂಸ್ ಇಂತಿಷ್ಟು ಆಂಪಿಯರ್, ಸ್ಪೀಕರ್ ಇಂತಿಷ್ಟು ಓಮ್. ಕಾರ್ಖಾನೆಯವರು ನಿಯಮಕ್ಕಾಗಿ ಬರೆದ ಒಣ ಅಂಕಿಗಳಂತೆ ಕಂಡರೂ, ಯಾವ ಊರಿನ ಎಂಥ ಕರೆಂಟಿಗಾಗಿ ಆ ಯಂತ್ರ ಹುಟ್ಟಿತು ಎಂಬುದರ ಜಾತಕ ಅಲ್ಲಿದೆ. ವಿದ್ಯುತ್ತು ಈ ಗುಡ್ಡಗಾಡಿಗೆ ಬಂದ ಬಗೆಯೂ ಅದರಲ್ಲಿ ಅಡಗಿದೆ.

ಸೈಕಲ್: ಶಿವನಸಮುದ್ರದ ನೆನಪು

ಹಳೆಯ ಮೈಸೂರು ಸಂಸ್ಥಾನದ ವಿದ್ಯುತ್ ಕಥೆ ಆರಂಭವಾಗುವುದು ಕಾವೇರಿಯ ಶಿವನಸಮುದ್ರದಲ್ಲಿ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆಯಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ದೂರ ಸುಮಾರು 147 ಕಿಲೋಮೀಟರ್. ಆ ದಿನಗಳ ಮಟ್ಟಿಗೆ ಅದು ಜಗತ್ತೇ ತಿರುಗಿ ನೋಡುವಂಥ ಅಂತರ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ, 1908ರಲ್ಲಿ ಮೈಸೂರಿಗೆ ದೀಪ ಬಂತು.

ಆ ವಿದ್ಯುತ್ತು ಇಂದಿನಂತೆ 50 ಸೈಕಲ್‌ನದಲ್ಲ, 25 ಸೈಕಲ್‌ನದು. ನಮ್ಮ ಮನೆಗೆ ಬರುವ ಕರೆಂಟು ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲ. ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಒಂದು ಸೆಕೆಂಡಿಗೆ ಎಷ್ಟು ಬಾರಿ ಹೀಗೆ ತೂಗಿತು ಎಂಬ ಲೆಕ್ಕವೇ ಸೈಕಲ್. ಈಗಿನವರು ಹರ್ಟ್ಸ್ ಎನ್ನುತ್ತಾರೆ. ಗಣಿಯ ದೊಡ್ಡ ಮೋಟಾರುಗಳಿಗೆ 25 ಸೈಕಲ್ ಚೆನ್ನಾಗಿ ಒಗ್ಗುತ್ತಿತ್ತು. ಆದರೆ ಬಲ್ಬಿನ ಬೆಳಕು ನಡುಗುವುದು ಕಣ್ಣಿಗೆ ಕಾಣುತ್ತಿತ್ತು. 1948ರಲ್ಲಿ ಜೋಗದ ವಿದ್ಯುದಾಗಾರ, 1960ರ ದಶಕದಲ್ಲಿ ಶರಾವತಿ ಯೋಜನೆ ಬಂದವು. ಈ ನಡುವೆ 25 ಸೈಕಲ್ ಹಿಂದೆ ಸರಿದು, 50 ಸೈಕಲ್ಲೇ ದೇಶದ ಪದ್ಧತಿಯಾಯಿತು.

ಹಳೆಯ ಆಂಪ್ಲಿಫೈಯರ್ ಇಟ್ಟುಕೊಂಡವರಿಗೆ ಈ ಕಥೆ ಏಕೆ ಬೇಕು? ಪೆಟ್ಟಿಗೆಯ ಅತ್ಯಂತ ತೂಕದ ಭಾಗವಾದ ಟ್ರಾನ್ಸ್‌ಫಾರ್ಮರ್ ಸೈಕಲ್ಲಿನ ಲೆಕ್ಕದ ಮೇಲೆಯೇ ನಿಂತಿದೆ. ಸೈಕಲ್ ಕಡಿಮೆಯಾದಷ್ಟೂ ಅದಕ್ಕೆ ಹೆಚ್ಚು ಕಬ್ಬಿಣ ಬೇಕು. 50 ಸೈಕಲ್ಲಿಗೆ ಮಾಡಿದ ಟ್ರಾನ್ಸ್‌ಫಾರ್ಮರನ್ನು ಅದೇ ವೋಲ್ಟೇಜಿನ 25 ಸೈಕಲ್ಲಿಗೆ ಜೋಡಿಸಿದರೆ ಅದರ ಕಬ್ಬಿಣ ಹೊರಬೇಕಾದ ಕಾಂತಬಲ ಇಮ್ಮಡಿಯಾಗಿ, ಅದು ಅತಿಯಾಗಿ ಕರೆಂಟು ಎಳೆದು, ಕಾದು, ಸುಡುತ್ತದೆ. ಅಮೆರಿಕದಲ್ಲಿ ಇರುವುದು 60 ಸೈಕಲ್. ಅಲ್ಲಿಂದ ಯಾರೋ ನೆಂಟರು ತಂದ ಗಿಟಾರ್ ಆಂಪ್ಲಿಫೈಯರ್ ಇಲ್ಲಿ ತುಸು ಹೆಚ್ಚೇ ಬಿಸಿಯಾಗುವುದು ಇದೇ ಕಾರಣಕ್ಕೆ. ಕಾಂತಬಲ ಐದರಲ್ಲಿ ಒಂದು ಪಾಲು ಏರುತ್ತದೆ. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸೈಕಲ್ಲನ್ನು ಬದಲಿಸಲಾರದು. ತಗಡಿನ ಮೇಲೆ ‘50–60’ ಎಂದಿದ್ದರೆ ಚಿಂತೆಯಿಲ್ಲ. ಬರೇ ‘60’ ಎಂದಿದ್ದರೆ ಗಂಟೆಗಟ್ಟಲೆ ಹಾಡಿಸುವ ಮುನ್ನ ಟ್ರಾನ್ಸ್‌ಫಾರ್ಮರ್ ಎಷ್ಟು ಬಿಸಿಯಾಗುತ್ತದೆ ಎಂದು ನೋಡಿಕೊಳ್ಳಬೇಕು.

ರೇಡಿಯೊ ಅಂಗಡಿಯ ಕೂಸು

ಗಿಟಾರ್ ಆಂಪ್ಲಿಫೈಯರ್ ಹುಟ್ಟಿದ್ದು ಸಂಗೀತಶಾಲೆಯಲ್ಲಲ್ಲ, ರೇಡಿಯೊ ರಿಪೇರಿ ಅಂಗಡಿಯಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ಲಿಯೊ ಫೆಂಡರ್ 1938ರಲ್ಲಿ ರೇಡಿಯೊ ಅಂಗಡಿ ತೆರೆದರು. ರೇಡಿಯೊ ರಿಪೇರಿಯ ಜೊತೆಗೆ ಮೈಕ್ ಸೆಟ್ ಕಟ್ಟಿ ಬಾಡಿಗೆಗೆ ಕೊಡುವುದೂ ಅವರ ಕಸುಬು. ಮುಂದೆ ಜಗತ್ಪ್ರಸಿದ್ಧವಾದ ಫೆಂಡರ್ ಕಂಪನಿ ಬೆಳೆದದ್ದು ಅಲ್ಲಿಂದ. 1950ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ವಾಕ್ಸ್ ಕಂಪನಿಯ 30 ವಾಟಿನ ಆಂಪ್ಲಿಫೈಯರ್ ಬಂತು. ಬೀಟಲ್ಸ್ ತಂಡದ ಹೆಸರಿನೊಂದಿಗೆ ಅದು ಬೆಸೆದುಕೊಂಡಿತು. 1960ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್, ಫೆಂಡರ್ ಮಾದರಿಯನ್ನೇ ಮುಂದಿಟ್ಟುಕೊಂಡು ತಮ್ಮದೊಂದನ್ನು ಕಟ್ಟಿಸಿದರು.

ಇವೆಲ್ಲದರ ಒಡಲು ಒಂದೇ. ರೇಡಿಯೊದಿಂದ ಸ್ಟೇಷನ್ ಹಿಡಿಯುವ ಭಾಗವನ್ನು ತೆಗೆದರೆ ಉಳಿಯುವುದು ಆಂಪ್ಲಿಫೈಯರ್. ಆದ್ದರಿಂದಲೇ ಮಲೆನಾಡಿನ ಪೇಟೆಗಳ ರೇಡಿಯೊ ರಿಪೇರಿಯವರಿಗೆ ಗಿಟಾರ್ ಪೆಟ್ಟಿಗೆ ಅಪರಿಚಿತವಾಗಿರಲಿಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಆರಂಭಿಸಿದಾಗ ಅವರ ಪ್ರೇಷಕದ ಶಕ್ತಿ 30 ವಾಟ್; ವಾಕ್ಸ್ ಪೆಟ್ಟಿಗೆಯದೂ ಅಷ್ಟೇ. 1965ರಲ್ಲಿ ಭದ್ರಾವತಿ ಬಾನುಲಿ ಕೇಂದ್ರ ಶುರುವಾಗಿ ಮಲೆನಾಡಿಗೆ ಹತ್ತಿರದ ದನಿ ಸಿಕ್ಕಿತು. ಲೈನು ಬಾರದ ತೋಟಗಳಲ್ಲಿ ಬ್ಯಾಟರಿ ವಾಲ್ವ್ ಸೆಟ್‌ಗಳಿದ್ದವು: ವಾಲ್ವಿನ ತಂತು ಕಾಯಿಸಲು ಒಂದೂವರೆ ವೋಲ್ಟಿನಷ್ಟು, ಉಳಿದ ಕೆಲಸಕ್ಕೆ 90 ವೋಲ್ಟಿನದು, ಹೀಗೆ ಎರಡು ಬಗೆಯ ಬ್ಯಾಟರಿ.

ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1960ರ ದಶಕದ ಆರಂಭದಿಂದ ರೇಡಿಯೊ ವಾಲ್ವ್‌ಗಳನ್ನು ತಯಾರಿಸತೊಡಗಿತು. ಇಂಗ್ಲೆಂಡಿನ ಪೆಟ್ಟಿಗೆಯಲ್ಲಿದ್ದ ಇಸಿಸಿ 83, ಇಎಲ್ 84 ಜಾತಿಯ ವಾಲ್ವ್‌ಗಳು ಬಿಇಎಲ್ ಮುದ್ರೆ ಹೊತ್ತು ನಮ್ಮಲ್ಲೂ ಸಿಗುತ್ತಿದ್ದವು. ಆ ತಯಾರಿಕೆ ನಿಂತು ಬಹಳ ಕಾಲವಾಯಿತು. ಇಂದು ವಾಲ್ವ್ ತಯಾರಾಗುವುದು ರಷ್ಯಾ, ಸ್ಲೊವಾಕಿಯಾ, ಚೀನಾದಂಥ ಕೆಲವೇ ದೇಶಗಳಲ್ಲಿ. ಹಳೆಯ ರೇಡಿಯೊದಲ್ಲಿ ಬಿಇಎಲ್ ವಾಲ್ವ್ ಕಂಡರೆ ಬಿಸಾಡದಿರುವುದು ಜಾಣತನ.

ವೋಲ್ಟ್: ಸಂಜೆಯ ಮಂಕು ದೀಪ

ನಮ್ಮ ಮನೆಯ ವಿದ್ಯುತ್ತು 230 ವೋಲ್ಟ್. ನಿಯಮದಂತೆ ಶೇಕಡ 6ರಷ್ಟು ಏರಿಳಿತಕ್ಕೆ ಅವಕಾಶವಿದೆ ಎಂದರೆ 216ರಿಂದ 244ರವರೆಗೆ. ಕಾಫಿ ಸೀಮೆಯಲ್ಲಿ ಈ ಗೆರೆ ದಾಟುವುದು ಹೊಸತೇನಲ್ಲ. ಟ್ರಾನ್ಸ್‌ಫಾರ್ಮರಿನಿಂದ ಮೈಲುಗಟ್ಟಲೆ ಕಾಡು, ಕಣಿವೆ ಹಾದು ಬರುವ ಲೈನಿನ ಕೊನೆಯ ಮನೆಗೆ ಮುಟ್ಟುವಷ್ಟರಲ್ಲಿ ವೋಲ್ಟೇಜ್ ಸೋರಿಹೋಗಿರುತ್ತದೆ. ಸಂಜೆ ಎಲ್ಲ ಮನೆಯ ದೀಪ, ಪಂಪ್, ಮಿಕ್ಸಿ ಒಟ್ಟಿಗೆ ಓಡುವಾಗ 170ಕ್ಕೆ ಇಳಿದರೂ ಅಚ್ಚರಿಯಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಲೈನು ಕಡಿದು, ದಿನಗಟ್ಟಲೆ ಕತ್ತಲಾಗಿ, ಆಮೇಲೆ ಒಮ್ಮೆಗೇ ನುಗ್ಗಿ ಬರುವ ಕರೆಂಟಿನ ಪೆಟ್ಟು ಬೇರೆ.

ವಾಲ್ವ್ ಪೆಟ್ಟಿಗೆಗೆ ಇದರಿಂದ ಏನಾಗುತ್ತದೆ? ವಾಲ್ವಿನ ತಂತಿಗೆ 6.3 ವೋಲ್ಟ್ ಬೇಕು. ಗೋಡೆಯಲ್ಲಿ 230 ಇದ್ದಾಗ ಟ್ರಾನ್ಸ್‌ಫಾರ್ಮರ್ ಅಷ್ಟನ್ನು ಕೊಡುತ್ತದೆ. ಗೋಡೆಯದು 170ಕ್ಕೆ ಇಳಿದರೆ ತಂತಿಗೆ ಸಿಗುವುದು 4.7 ವೋಲ್ಟ್ ಮಾತ್ರ. ತಂತು ಮಂಕಾಗಿ ಉರಿದು ದನಿ ಕುಗ್ಗುತ್ತದೆ. ‘ವಾಲ್ವ್ ಹೋಗಿದೆ’ ಎಂದು ಹೊಸದಕ್ಕೆ ದುಡ್ಡು ಸುರಿಯುವ ಮೊದಲು ಮೀಟರ್ ಹಿಡಿದು ಗೋಡೆಯ ಪ್ಲಗ್ಗಿನಲ್ಲಿ ವೋಲ್ಟ್ ಎಷ್ಟಿದೆ ಎಂದು ನೋಡಿದರೆ ಎಷ್ಟೋ ದೋಷಗಳು ಅಲ್ಲೇ ಬಗೆಹರಿಯುತ್ತವೆ.

ಅನೇಕ ಪೆಟ್ಟಿಗೆಗಳ ಬೆನ್ನಲ್ಲಿ ವೋಲ್ಟ್ ಆಯ್ಕೆಯ ಬಿರಡೆ ಇರುತ್ತದೆ: 110, 200, 220, 240. ಲೋ ವೋಲ್ಟೇಜ್ ಎಂದು ಯಾರೋ ಅದನ್ನು 200ಕ್ಕೆ ಇಟ್ಟು ಮರೆತಿದ್ದರೆ, ಒಳ್ಳೆಯ ಕರೆಂಟು ಬಂದ ದಿನ ವಾಲ್ವ್‌ಗಳಿಗೆ ಉರಿ ಹೆಚ್ಚಾಗುತ್ತದೆ. ಅಮೆರಿಕದ 117 ವೋಲ್ಟಿನ ಪೆಟ್ಟಿಗೆಯನ್ನು ನೇರ ನಮ್ಮ ಪ್ಲಗ್ಗಿಗೆ ಹಾಕಿದರಂತೂ ಕಥೆ ಅಲ್ಲಿಗೇ ಮುಗಿಯುತ್ತದೆ.

ಕಳಸ, ಸಂಸೆ ಕಡೆಯ ಕೆಲವು ಮನೆಗಳದು ಇನ್ನೊಂದು ಬಗೆ. ಗುಡ್ಡದಿಂದ ಇಳಿಯುವ ಹಳ್ಳದ ನೀರನ್ನು ಪೈಪಿನಲ್ಲಿ ತಂದು, ಸಣ್ಣ ಟರ್ಬೈನ್ ತಿರುಗಿಸಿ ಒಂದೆರಡು ಕಿಲೋವಾಟ್ ವಿದ್ಯುತ್ ಮಾಡಿಕೊಳ್ಳುವ ಜಾಣ್ಮೆ ಮಲೆನಾಡಿನಲ್ಲಿದೆ. ಅಲ್ಲಿ ವೋಲ್ಟ್ ಮತ್ತು ಸೈಕಲ್ ಎರಡೂ ಚಕ್ರದ ವೇಗವನ್ನೇ ನಂಬಿರುತ್ತವೆ. ಮನೆಯ ದೀಪಗಳನ್ನೆಲ್ಲ ಆರಿಸಿದರೆ ಹೊರೆ ತಗ್ಗಿ ಚಕ್ರ ಓಟ ಕೀಳುತ್ತದೆ, ವೋಲ್ಟ್ ಏರುತ್ತದೆ. ಇದನ್ನು ಹಿಡಿದಿಡುವ ಕಂಟ್ರೋಲರ್ ಸರಿಯಿಲ್ಲದ ಕಡೆ ಹಳೆಯ ಆಂಪ್ಲಿಫೈಯರ್ ಹಚ್ಚದಿರುವುದೇ ಲೇಸು.

ವಾಟ್ ಮತ್ತು ಆಂಪಿಯರ್: ತಿನ್ನುವುದೆಷ್ಟು, ಹಾಡುವುದೆಷ್ಟು

ತಗಡಿನ ಮೇಲೆ ‘150 ವಾಟ್’ ಎಂದಿರುವುದನ್ನು ನೋಡಿ ಅಷ್ಟು ದೊಡ್ಡ ದನಿ ಬರುತ್ತದೆಂದು ತಿಳಿಯುವುದು ಸಾಮಾನ್ಯ ತಪ್ಪು. ಪ್ಲಗ್ಗಿನ ಪಕ್ಕದ ವಾಟ್ ಆ ಯಂತ್ರ ತಿನ್ನುವ ಕರೆಂಟಿನ ಲೆಕ್ಕ. ಸ್ಪೀಕರಿಗೆ ಕೊಡುವ ವಾಟ್ ಬೇರೆ, ಅದು ತೀರ ಕಡಿಮೆ. ನಾಲ್ಕು ಇಎಲ್ 84, ಮೂರು ಇಸಿಸಿ 83 ವಾಲ್ವ್ ಇರುವ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ಇಎಲ್ 84ರ ತಂತು 0.76 ಆಂಪಿಯರ್, ಇಸಿಸಿ 83ರದು 0.3 ಆಂಪಿಯರ್ ಎಳೆಯುತ್ತದೆ. ಒಟ್ಟು ಸುಮಾರು 4 ಆಂಪಿಯರ್. 6.3 ವೋಲ್ಟಿನಿಂದ ಗುಣಿಸಿದರೆ 25 ವಾಟ್. ಒಂದು ಸ್ವರ ಹೊರಡುವ ಮೊದಲೇ ಬರೇ ತಂತು ಕಾಯಿಸಲು ಇಷ್ಟು ಖರ್ಚು! ಮಳೆಗಾಲದಲ್ಲಿ ಬೆಕ್ಕು ಅದರ ಮೇಲೆ ಹೋಗಿ ಮಲಗುವುದು ಸುಮ್ಮನೆ ಅಲ್ಲ.

ಫ್ಯೂಸಿನ ಲೆಕ್ಕವೂ ಇಲ್ಲಿಂದಲೇ. 150 ವಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 0.65 ಆಂಪಿಯರ್. ಸ್ವಿಚ್ ಹಾಕಿದ ಕ್ಷಣದ ನೂಕನ್ನು ತಡೆದುಕೊಳ್ಳುವ, ನಿಧಾನವಾಗಿ ಕರಗುವ ಜಾತಿಯ 1 ಆಂಪಿಯರ್ ಫ್ಯೂಸ್ ಅದಕ್ಕೆ ಸಾಕು. ಅದೇ ಪೆಟ್ಟಿಗೆ 117 ವೋಲ್ಟಿನಲ್ಲಿ 1.3 ಆಂಪಿಯರ್ ಎಳೆಯುವುದರಿಂದ ಅಲ್ಲಿ 2 ಆಂಪಿಯರ್ ಫ್ಯೂಸ್ ಇರುತ್ತದೆ. ಬಿರಡೆಯನ್ನು 230ಕ್ಕೆ ತಿರುಗಿಸಿ ಫ್ಯೂಸ್ ಮಾತ್ರ 2 ಆಂಪಿಯರಿನದೇ ಉಳಿಸಿಕೊಂಡರೆ ಕಾವಲು ಅರ್ಧಕ್ಕೆ ಇಳಿದಂತೆ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ನಾಲ್ಕೆಳೆ ತಾಮ್ರದ ತಂತಿ ಸುತ್ತುವುದು ನಮ್ಮ ಕಡೆಯ ಹಳೆಯ ಚಾಳಿ. ಫ್ಯೂಸ್ ಸುಟ್ಟದ್ದು ರೋಗವಲ್ಲ, ರೋಗದ ಸುದ್ದಿ. ಸುದ್ದಿ ತಂದವನ ಬಾಯಿ ಕಟ್ಟಿದರೆ ಮುಂದೆ ಸುಡುವುದು ಟ್ರಾನ್ಸ್‌ಫಾರ್ಮರ್.

ಓಮ್: ಜಾತ್ರೆಯ ಹಾರ್ನ್ ಮತ್ತು ಗಣಿಯ ಲೈನು

ಸ್ಪೀಕರಿನ ಬಳಿ ಬರೆದಿರುವ ಓಮ್ ಎಂದರೆ ಅದು ಒಡ್ಡುವ ತಡೆ. 8 ಓಮಿನ ಎರಡು ಸ್ಪೀಕರನ್ನು ಸಾಲಾಗಿ ಜೋಡಿಸಿದರೆ 16, ಅಕ್ಕಪಕ್ಕ ಜೋಡಿಸಿದರೆ 4. ಪೆಟ್ಟಿಗೆ ಕೇಳುವುದೆಷ್ಟೋ ಅಷ್ಟನ್ನೇ ಕೊಡಬೇಕು. ಸ್ಪೀಕರ್ ಜೋಡಿಸದೆಯೇ ವಾಲ್ವ್ ಆಂಪ್ಲಿಫೈಯರನ್ನು ಜೋರಾಗಿ ನಡೆಸಿದರೆ ಹೋಗಲು ದಾರಿಯಿಲ್ಲದ ಶಕ್ತಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೇ ಒಳಗಿಂದ ಸುಡಬಲ್ಲದು. ಟ್ರಾನ್ಸಿಸ್ಟರ್ ಪೆಟ್ಟಿಗೆಯ ರೂಢಿಯಿರುವವರು ಎಡವುವುದು ಇಲ್ಲೇ.

ಮೈಕ್ ಸೆಟ್ಟಿನ ಆಂಪ್ಲಿಫೈಯರುಗಳಲ್ಲಿ ಓಮ್ ಜೊತೆಗೆ ‘70 ವೋಲ್ಟ್’, ‘100 ವೋಲ್ಟ್’ ಎಂಬ ತಿರುಪುಗಳೂ ಇರುತ್ತವೆ. ಜಾತ್ರೆಯಲ್ಲಿ ರಥಬೀದಿಯ ಉದ್ದಕ್ಕೂ ಮರಮರಕ್ಕೆ ಹಾರ್ನ್ ಕಟ್ಟಬೇಕಾದಾಗ ಅವು ಬೇಕು. ಉದ್ದದ ತಂತಿಯಲ್ಲಿ ಕರೆಂಟು ಹೆಚ್ಚಿದಷ್ಟೂ ನಷ್ಟ ಹೆಚ್ಚು. ಆದ್ದರಿಂದ ವೋಲ್ಟ್ ಏರಿಸಿ, ಕರೆಂಟು ತಗ್ಗಿಸಿ ಕಳಿಸಿ, ಹಾರ್ನಿನ ಬಳಿ ಪುಟ್ಟ ಟ್ರಾನ್ಸ್‌ಫಾರ್ಮರಿನಿಂದ ಮತ್ತೆ ಇಳಿಸುತ್ತಾರೆ. ಶಿವನಸಮುದ್ರದಿಂದ ಹತ್ತಾರು ಸಾವಿರ ವೋಲ್ಟಿನಲ್ಲಿ ಕೋಲಾರಕ್ಕೆ ವಿದ್ಯುತ್ ಕಳಿಸಿದ ಎಂಜಿನಿಯರುಗಳ ಉಪಾಯವೂ ಇದೇ. ಅದೇ ಸೂತ್ರವನ್ನು ಮೈಕ್ ಸೆಟ್ಟಿನವರು ಜಾತ್ರೆ ಬಯಲಿನ ಅಳತೆಗೆ ತಂದುಕೊಂಡಿದ್ದಾರೆ.

ಮಲೆನಾಡಿನ ಮಳೆ, ಪೆಟ್ಟಿಗೆಯ ಕಾಯಿಲೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರುಗಳಿವು. ಚಪ್ಪಲಿಗೆ ಬೂಸ್ಟು ಹಿಡಿಯುವಲ್ಲಿ ಆಂಪ್ಲಿಫೈಯರಿನ ಒಡಲಿಗೆ ಹಿಡಿಯದೆ ಇದ್ದೀತೆ? ವಾಲ್ವಿನ ಕಾಲುಗಳು ಕಿಲುಬುಗಟ್ಟಿ ಸಂಪರ್ಕ ತಪ್ಪುತ್ತದೆ. ವಾಲ್ಯೂಮ್ ತಿರುಪು ಕರಕರ ಎನ್ನುತ್ತದೆ. ಇವು ಶುಚಿಮಾಡಿದರೆ ಹೋಗುವ ಕಾಯಿಲೆಗಳು.

ದೊಡ್ಡ ಕಾಯಿಲೆ ಬರುವುದು ವಿದ್ಯುತ್ತನ್ನು ಹಿಡಿದಿಡುವ ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳಿಗೆ. ವರ್ಷಗಟ್ಟಲೆ ಕರೆಂಟು ಕಾಣದಿದ್ದರೆ ಅದರೊಳಗಿನ ರಕ್ಷಾಪದರ ಸವೆದು, ಒಮ್ಮೆಗೇ ಪೂರ್ಣ ವೋಲ್ಟ್ ಬಿದ್ದಾಗ ಅದು ಶಾರ್ಟ್ ಆಗುತ್ತದೆ. ಬದಲಿಸುವಾಗ ಅದರ ಮೇಲಿನ ಅಂಕಿಯನ್ನೂ ಓದಬೇಕು. 230 ವೋಲ್ಟ್ ಎಂಬುದು ಸರಾಸರಿಯ ಒಂದು ಬಗೆ. ತೂಗಾಟದ ತುದಿಯಲ್ಲಿ ಅದು 325 ಮುಟ್ಟುತ್ತದೆ. ಪೆಟ್ಟಿಗೆಯೊಳಗೆ ಟ್ರಾನ್ಸ್‌ಫಾರ್ಮರ್ 280 ವೋಲ್ಟ್ ಕೊಡುತ್ತಿದ್ದರೆ ಕಂಡೆನ್ಸರ್ ಹೊರಬೇಕಾದದ್ದು ಸುಮಾರು 396. ಅಲ್ಲಿದ್ದ 450 ವೋಲ್ಟಿನದನ್ನು ತೆಗೆದು, ಅಂಗಡಿಯಲ್ಲಿ ಸಿಕ್ಕಿತೆಂದು 250 ವೋಲ್ಟಿನದನ್ನು ಹಾಕಿದರೆ ಅದು ಸಿಡಿಯುವುದು ಖಂಡಿತ.

ಇದಕ್ಕೆ ರಿಪೇರಿಯವರು ಕಂಡುಕೊಂಡ ಅಗ್ಗದ ಉಪಾಯ ಸೀರೀಸ್ ಲ್ಯಾಂಪ್. ಪೆಟ್ಟಿಗೆಗೆ ಹೋಗುವ ಕರೆಂಟಿನ ದಾರಿಯಲ್ಲಿ 60 ಅಥವಾ 100 ವಾಟಿನ ತಂತುವಿನ ಬಲ್ಬನ್ನು ಸಾಲಾಗಿ ಜೋಡಿಸುವುದು. ಬಲ್ಬು ಒಮ್ಮೆ ಬೆಳಗಿ ಮೆಲ್ಲಗೆ ಮಂಕಾದರೆ ಒಳಗೆ ದೊಡ್ಡ ಶಾರ್ಟ್ ಇಲ್ಲ. ಪೂರ್ತಿ ಬೆಳಗಿಯೇ ನಿಂತರೆ ಕೂಡಲೇ ಪ್ಲಗ್ ಕೀಳಬೇಕು. ಸುಡಬೇಕಿದ್ದ ಟ್ರಾನ್ಸ್‌ಫಾರ್ಮರ್ ಉಳಿದಂತೆ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು. ತಂತುವಿನ ಬಲ್ಬು ಅಂಗಡಿಗಳಲ್ಲಿ ಅಪರೂಪವಾಗಿರುವ ಈ ಕಾಲದಲ್ಲಿ ಒಂದೆರಡನ್ನು ಎತ್ತಿಟ್ಟುಕೊಂಡಿರಬೇಕು.

ಆಮೇಲೆ ಕಿವಿಯೇ ವೈದ್ಯ. ಗುಂಯ್ ಎಂಬ ಸದ್ದು 100 ಸೈಕಲ್ಲಿನದಾದರೆ ಕಂಡೆನ್ಸರಿನ ಮೇಲೆ ಅನುಮಾನ. ಅದಕ್ಕಿಂತ ತಗ್ಗಿನ 50 ಸೈಕಲ್ಲಿನದಾದರೆ ಅರ್ಥಿಂಗ್, ಗಿಟಾರಿನ ವೈರು ಅಥವಾ ವಾಲ್ವಿನ ತಂತಿನ ಮೇಲೆ. ಕಣ್ಣಿಗೂ ಕೆಲಸವುಂಟು. ವಾಲ್ವಿನ ಒಳತಂತು ಕೆಂಪಾಗುವುದು ಸಹಜ, ಆದರೆ ಹೊರಗಿನ ಬೂದು ತಗಡು ಕೆಂಪಾದರೆ ತಕ್ಷಣ ಆರಿಸಬೇಕು. ಗಾಜಿನ ತುದಿಯ ಬೆಳ್ಳಿಬಣ್ಣದ ಲೇಪ ಹಾಲಿನಂತೆ ಬಿಳುಪಾಗಿದ್ದರೆ ಒಳಗೆ ಗಾಳಿ ನುಗ್ಗಿದೆ ಎಂದರ್ಥ. ಆ ವಾಲ್ವ್ ಮುಗಿಯಿತು.

ತಗಡಿನಲ್ಲಿ ಬರೆಯದ ಅಂಕಿ

ಒಂದು ಮಾತನ್ನು ತಗಡು ಹೇಳುವುದಿಲ್ಲ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ 300–400 ವೋಲ್ಟ್ ಉಳಿದಿರಬಹುದು. ತಕ್ಕ ರೆಸಿಸ್ಟರಿನ ಮೂಲಕ ಅದನ್ನು ಬರಿದು ಮಾಡಿ, ಮೀಟರಿನಿಂದ ಖಚಿತಪಡಿಸಿಕೊಳ್ಳದೆ ಒಳಗೆ ಕೈ ಹಾಕಿದರೆ ಪ್ರಾಣಕ್ಕೇ ಸಂಚಕಾರ. ಕೆಲಸ ಗೊತ್ತಿಲ್ಲದವರು ಹಿಂಬದಿಯ ಮುಚ್ಚಳ ಬಿಚ್ಚಲೇಬಾರದು.

ಹಳೆಯ ಪೆಟ್ಟಿಗೆಗಳಲ್ಲಿ ಎಷ್ಟೋ ಎರಡು ಪಿನ್ನಿನವು, ಅರ್ಥಿಂಗ್ ಇಲ್ಲದವು. ಅಮೆರಿಕದ ಕೆಲವು ಪೆಟ್ಟಿಗೆಗಳಲ್ಲಿ ಕರೆಂಟಿನ ತಂತಿಗೂ ಲೋಹದ ಒಡಲಿಗೂ ನಡುವೆ ಒಂದು ಕಂಡೆನ್ಸರ್ ಇರುತ್ತದೆ. ಅದು ಕೈಕೊಟ್ಟರೆ ಒಡಲಿಗೇ ಕರೆಂಟು. ಗಿಟಾರಿನ ಲೋಹದ ತಂತಿ ಆ ಒಡಲಿಗೆ ಸೇರಿರುತ್ತದೆ. ಒಂದು ಕೈ ತಂತಿಯ ಮೇಲೆ, ಇನ್ನೊಂದು ಕೈ ಅಥವಾ ತುಟಿ ಮೈಕಿಗೆ ತಗುಲಿದರೆ ನಡುವೆ ಸಿಕ್ಕವನದು ಎದೆ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್‌ಸಿ ನಗರದಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವಿ, ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೆಯೇ ಸತ್ತರು. ಒದ್ದೆ ನೆಲದ ಮಲೆನಾಡಿನ ಚಪ್ಪರಗಳಲ್ಲಿ ಈ ಅಪಾಯ ಇಮ್ಮಡಿ. ಮೂರು ಪಿನ್ನಿನ ಪ್ಲಗ್, ಇದ್ದಲು ಮತ್ತು ಉಪ್ಪು ಹಾಕಿದ ಸರಿಯಾದ ಅರ್ಥಿಂಗ್ ಗುಂಡಿ, ಲೈನಿಗೆ ಸೋರಿಕೆ ಹಿಡಿಯುವ ಬ್ರೇಕರ್ ಇವಿಷ್ಟೂ ಇದ್ದರೆ ಮಾತ್ರ ಗಿಟಾರ್ ಎತ್ತಿಕೊಳ್ಳಬೇಕು.

ಮೈಸೂರು ಸರ್ಕಾರದ ವಿದ್ಯುತ್ ಇಲಾಖೆ ಹೋಗಿ 1957ರಲ್ಲಿ ವಿದ್ಯುಚ್ಛಕ್ತಿ ಮಂಡಳಿ ಬಂತು. 2002ರಿಂದ ಈ ಜಿಲ್ಲೆ ಮಂಗಳೂರು ವಿದ್ಯುತ್ ಸರಬರಾಜು ಕಂಪನಿಯ ವ್ಯಾಪ್ತಿಯಲ್ಲಿದೆ. ಕಂಬ, ತಂತಿ, ಹೆಸರು ಎಲ್ಲ ಬದಲಾದವು. ವಾಲ್ವಿನ ಬೇನೆ ಬಲ್ಲ ರಿಪೇರಿಯವರು ವಯಸ್ಸಾಗಿ ಅಂಗಡಿ ಮುಚ್ಚುತ್ತಿದ್ದಾರೆ. ಅವರ ಮಕ್ಕಳ ಕೈಗೆ ಬಂದಿರುವುದು ಮೊಬೈಲ್. ಹಳೆಯ ಪೆಟ್ಟಿಗೆಯ ಸಂಗತಿ ಕೇಳಲು ಇನ್ನು ಬಹಳ ದಿನ ಯಾರೂ ಉಳಿಯುವುದಿಲ್ಲ. ಇದ್ದವರಿಂದ ಈಗಲೇ ಒಂದು ಪೆಟ್ಟಿಗೆ ದುರಸ್ತಿ ಮಾಡಿಸಿ, ಯಾವ ವಾಲ್ವ್, ಯಾವ ಫ್ಯೂಸ್, ಎಷ್ಟು ವೋಲ್ಟ್, ಯಾವ ದಿನ ಎಂದು ಬರೆದ ಚೀಟಿಯೊಂದನ್ನು ಮುಚ್ಚಳದ ಒಳಗೆ ಅಂಟಿಸಿಡುವುದು ಒಳ್ಳೆಯದು. ಹಿಂಬದಿಯ ತಗಡಿಗೆ ಬಣ್ಣ ಬಳಿಯದೆ ಬಿಟ್ಟರೆ ಇನ್ನೂ ಒಳ್ಳೆಯದು.